ಸಾಮರ್ಥ್ಯ ಅಳೆಯುವ ಮೊದಲು ಮಾಹಿತಿ ಕೊಟ್ಟಿದ್ದೀರಾ? (ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಕಲಂ 4)

ಕಾಯಿಲೆ ಇದೆ ಎಂದ ಮಾತ್ರಕ್ಕೆ ರೋಗಿಗೆ ನಿರ್ಧಾರ ಮಾಡುವ ಸಾಮರ್ಥ್ಯ ಇಲ್ಲವೆಂದಲ್ಲ. ರೋಗಿಯ ನಿರ್ಧಾರ ಮನೆಯವರಿಗೋ ಡಾಕ್ಟರಿಗೋ ತಪ್ಪೆನಿಸಿದರೂ ಅದೊಂದೇ ಕಾರಣಕ್ಕೆ ಹಾಗೆನ್ನುವಂತಿಲ್ಲ. ಈ ಎರಡನೆಯ ಮಾತನ್ನು ಕಲಂ 4(3) ಸ್ಪಷ್ಟವಾಗಿ ಹೇಳುತ್ತದೆ.

ಕಲಂ 4(1)ರಲ್ಲಿ ಮೂರು ಅಂಶಗಳಿವೆ: ಚಿಕಿತ್ಸೆ, ದಾಖಲಾತಿ ಅಥವಾ ವೈಯಕ್ತಿಕ ನೆರವಿನ ಮಾಹಿತಿ ತಿಳಿದುಕೊಳ್ಳುವುದು, ನಿರ್ಧರಿಸಿದರೆ ಅಥವಾ ನಿರ್ಧರಿಸದಿದ್ದರೆ ಏನಾಗಬಹುದೆಂದು ಗ್ರಹಿಸುವುದು, ಮಾತು, ಸನ್ನೆ, ಹಾವಭಾವದಿಂದ ನಿರ್ಧಾರ ತಿಳಿಸುವುದು. ಇವುಗಳ ನಡುವೆ ಇರುವುದು "ಅಥವಾ", ಅಂದರೆ ಕಾಯ್ದೆಯ ಮಾತಿನಂತೆ ಒಂದಿದ್ದರೂ ಸಾಕು. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯ ಟಿಪ್ಪಣಿ ಓದಿ ಬಂದವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಅಲ್ಲಿನ ನಾಲ್ಕು ಅಂಶಗಳಲ್ಲಿ (ತಿಳಿಯುವುದು, ನೆನಪಿಡುವುದು, ತೂಗಿ ನೋಡುವುದು, ತಿಳಿಸುವುದು) ಒಂದು ಇಲ್ಲದಿದ್ದರೂ ಸಾಮರ್ಥ್ಯವಿಲ್ಲ ಎಂದಾಗುತ್ತದೆ.

ನಮ್ಮ ಕಲಬುರಗಿ ಭಾಗದಲ್ಲಿ ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಭಾಷೆಯಿಂದ. ಚಿಂಚೋಳಿ ಕಡೆಯ ತಾಂಡಾದಿಂದ ಬಂದ ಹೆಣ್ಣುಮಗಳಿಗೆ ಕನ್ನಡದಲ್ಲಿ ಪ್ರಶ್ನೆ, ಉತ್ತರ ಕೊಡುವವನು ಮಗ. ಹೀಗಾದರೆ ನೀವು ಅಳೆದದ್ದು ಮಗನ ತಿಳುವಳಿಕೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಸನ್ನೆ ಭಾಷೆ ಅಥವಾ ಚಿತ್ರದ ನೆರವಿನಿಂದ ತಿಳಿಸಲೇಬೇಕೆಂದು ಕಲಂ 4(2) ಹೇಳುತ್ತದೆ. ಲಂಬಾಣಿ, ಉರ್ದು, ತೆಲುಗು, ಮರಾಠಿ ಬಲ್ಲ ಸಿಬ್ಬಂದಿ ಯಾರೆಂದು ವಾರ್ಡಿನಲ್ಲಿ ಮೊದಲೇ ಬರೆದಿಡಿ.

ಹೇಳುವ ಕ್ರಮ ಹೀಗಿರಲಿ. ಒಲಾಂಜಪೈನ್ ಮಾತ್ರೆ ಕೊಡಬೇಕಿದೆ ಎಂದುಕೊಳ್ಳಿ. ಕನ್ನಡಕ, ಕಿವಿಯ ಯಂತ್ರ ಇದ್ದರೆ ಹಾಕಿಸಿ, ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದು ಇಳಿಯುವವರೆಗೆ ಕಾಯಿರಿ. "ಕಿವಿಯಲ್ಲಿ ಕೇಳೋ ಧ್ವನಿ ಕಡಿಮೆ ಆಗಲಿಕ್ಕೆ ಈ ಗುಳಿಗಿ. ನಿದ್ದಿ ಬರಬಹುದು, ತೂಕ ಏರಬಹುದು. ತಗೊಳ್ಳದಿದ್ದರ ಧ್ವನಿ ಹಂಗೇ ಇರಬಹುದು, ಹೆಚ್ಚೂ ಆಗಬಹುದು." ಇಷ್ಟು ಹೇಳಿ ನಿಲ್ಲಿಸಿ. "ತಿಳೀತಾ?" ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. "ಈ ಗುಳಿಗಿ ಯಾಕಂತ ಹೇಳ್ರಿ ನೋಡೋಣ" ಅನ್ನಿ. ಬಂದ ಉತ್ತರವನ್ನು ಅವರ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆಯಿರಿ. ಬರೀ "ಸಾಮರ್ಥ್ಯ ಇಲ್ಲ" ಎಂದು ಬರೆದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ (ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಂಡಳಿ) ಏನೂ ತಿಳಿಯದು. ಮಾತ್ರೆಗೆ ಒಪ್ಪುವ ಸಾಮರ್ಥ್ಯ ಇದ್ದವರಿಗೆ ದಾಖಲಾತಿಯ ವಿಷಯದಲ್ಲಿ ಇಲ್ಲದಿರಬಹುದು, ಹಾಗಾಗಿ ಪ್ರತಿ ನಿರ್ಧಾರಕ್ಕೂ ಬೇರೆಯಾಗಿ ಕೇಳಬೇಕು. ಇಷ್ಟೆಲ್ಲ ಆಗುವ ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ.

ಸಾಮರ್ಥ್ಯ ಇಲ್ಲವೆಂದು ಕಂಡಾಗ ನಾಮನಿರ್ದೇಶಿತ ಪ್ರತಿನಿಧಿ (ನಿರ್ಧಾರದಲ್ಲಿ ರೋಗಿಗೆ ನೆರವಾಗುವವರು) ಬರುತ್ತಾರೆ: ಮೊದಲು ಮುಂಗಡ ನಿರ್ದೇಶನದಲ್ಲಿ (ರೋಗಿ ಮೊದಲೇ ಬರೆದಿಟ್ಟ ಇಚ್ಛೆ) ಹೆಸರಿಸಿದವರು, ಆಮೇಲೆ ಸಂಬಂಧಿಕರು, ಆರೈಕೆ ಮಾಡುವವರು. ಕಲಂ 89ರ ದಾಖಲಾತಿ (ಹೆಚ್ಚಿನ ನೆರವು ಬೇಕಾದವರದು) ಹೆಚ್ಚೆಂದರೆ 30 ದಿನ. ಪ್ರತಿನಿಧಿ ಒಪ್ಪಿಗೆ ಕೊಟ್ಟಿದ್ದರೆ 7 ದಿನಕ್ಕೊಮ್ಮೆ ಸಾಮರ್ಥ್ಯ ಮತ್ತೆ ನೋಡಬೇಕು. ಈ ದಿನಾಂಕ ತಪ್ಪುವುದು ಡ್ಯೂಟಿ ಬದಲಾದಾಗ. ಮುಂದಿನ ತಾರೀಖನ್ನು ದಾಖಲಾತಿಯ ದಿನವೇ ಶೀಟಿನ ಮೇಲ್ಭಾಗದಲ್ಲಿ ಬರೆದುಬಿಡಿ.

ತುರ್ತು ಚಿಕಿತ್ಸೆ ಬೇರೆ ದಾರಿ, ಕಲಂ 94. ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಸರಿಪಡಿಸಲಾಗದ ಹಾನಿ, ತನಗೋ ಇತರರಿಗೋ ಗಂಭೀರ ಹಾನಿ, ಕಾಯಿಲೆಯಿಂದಾಗಿ ಆಸ್ತಿಗೆ ಗಂಭೀರ ಹಾನಿ ತಪ್ಪಿಸುವಂಥ ಸಂದರ್ಭಕ್ಕೆ ಮಾತ್ರ, ಮಿತಿ 72 ಗಂಟೆ. ಈ ಹೆಸರಿನಲ್ಲಿ ವಿದ್ಯುತ್ ಆಘಾತ ಚಿಕಿತ್ಸೆ ಕೊಡುವಂತಿಲ್ಲ.