ಹೆಗಲು ನೋವಿಗೆ ಮಸಾಜ್: ಎಲ್ಲಿ ಒತ್ತಬೇಕು, ಯಾವಾಗ ಒತ್ತಬಾರದು

"ಹೆಗಲು ಹಿಡ್ಕೊಂಡಿದೆ" ಅಂತ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಜಾಗ ತೋರಿಸುತ್ತಾರೆ. ಒಂದು, ಕತ್ತಿಗೂ ಭುಜಕ್ಕೂ ನಡುವಿನ ದಪ್ಪ ಮಾಂಸ. ಇನ್ನೊಂದು, ಭುಜದ ಕೀಲಿನ ಮುಂಭಾಗ. ತೋರಿಸಿದ ಜಾಗಕ್ಕೇ ಎಣ್ಣೆ ಹಚ್ಚಿ ಒತ್ತಲು ಶುರು ಮಾಡಬೇಡಿ. ನೋಯುವ ಜಾಗ ಬೇರೆ, ನೋವು ಹುಟ್ಟುವ ಜಾಗ ಬೇರೆ ಇರಬಹುದು.

ಮೊದಲನೆಯದು ಸುಲಭ. ಅಲ್ಲಿ ಕೈಗೆ ಸಿಗುವುದು ಟ್ರೆಪೀಸಿಯಸ್. ತಲೆಬುರುಡೆಯ ಹಿಂಭಾಗದಿಂದ ಬೆನ್ನಿನ ಅರ್ಧಕ್ಕಿಂತ ಕೆಳಗಿನವರೆಗೆ ಹರಡಿದ ಅಗಲವಾದ ಸ್ನಾಯು ಅದು. ಅದರ ಅಡಿಯಲ್ಲಿ ಲಿವೇಟರ್ ಸ್ಕ್ಯಾಪುಲೆ ಇದೆ. ಇದು ಕತ್ತಿನ ಮೇಲಿನ 4 ಮೂಳೆಗಳಿಂದ ಹೊರಟು ರೆಕ್ಕೆ ಮೂಳೆಯ (ಭುಜದ ಹಿಂದಿನ ಚಪ್ಪಟೆ ಮೂಳೆ) ಮೇಲ್ಮೂಲೆಗೆ ಅಂಟುತ್ತದೆ. ಮೊಬೈಲ್ ನೋಡುತ್ತಾ ತಲೆ ಬಗ್ಗಿಸಿದಷ್ಟು ಹೊತ್ತೂ ಇವುಗಳಿಗೆ ಬಿಡುವಿಲ್ಲ. ಕತ್ತು ಒಂದು ಕಡೆಗೆ ತಿರುಗಿಸಲು ಆಗ್ತಿಲ್ಲ ಅಂದರೆ ಲಿವೇಟರ್ ಮೇಲೆ ಅನುಮಾನ ಇರಲಿ.

ಎರಡನೆಯದಕ್ಕೆ ಜಾಸ್ತಿ ಗಮನ ಬೇಕು. ರೆಕ್ಕೆ ಮೂಳೆಯ ಹಿಂಭಾಗದಲ್ಲಿ ಇನ್‌ಫ್ರಾಸ್ಪೈನೇಟಸ್ ಅನ್ನುವ ಸ್ನಾಯು ಇದೆ. ತೋಳನ್ನು ಹೊರಕ್ಕೆ ತಿರುಗಿಸುವುದು ಇದರ ಕೆಲಸ. ಇದರಲ್ಲಿ ಗಂಟು ಕಟ್ಟಿದರೆ ನೋವು ಹಿಂದೆ ಕಾಣದೆ ಭುಜದ ಮುಂದೆ, ಕೆಲವೊಮ್ಮೆ ತೋಳಿನ ಉದ್ದಕ್ಕೂ ಕಾಣುತ್ತದೆ. ಇಂಥ ದೂರದ ನೋವಿನ ನಕ್ಷೆಗಳನ್ನು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ವಿವರವಾಗಿ ಬರೆದಿಟ್ಟರು. ರೋಗಿಯನ್ನು ಬೋರಲು ಮಲಗಿಸಿ, ರೆಕ್ಕೆ ಮೂಳೆಯ ಏಣಿನ ಕೆಳಗೆ ಹೆಬ್ಬೆರಳಿನಿಂದ ನಿಧಾನವಾಗಿ ಹುಡುಕಿ. "ಅದೇ, ಅದೇ, ಮುಂದೆ ನೋಯ್ತಿರೋದು ಇದೇ!" ಅಂದರೆ ಜಾಗ ಸಿಕ್ಕಿತು.

ಆದರೆ ಇದೆಲ್ಲ ಸ್ನಾಯುವಿನ ಬಿಗಿತಕ್ಕೆ. ಕೀಲೇ ಕಟ್ಟಿಕೊಂಡಿದ್ದರೆ? ಅದಕ್ಕೊಂದು ಪರೀಕ್ಷೆ ಇದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿ ಮಡಚಿಸಿ. ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೇಳಿ. ಆಮೇಲೆ ನೀವೇ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ನಿಮ್ಮ ಕೈಯಲ್ಲೂ ಅದು ಅರ್ಧಕ್ಕೇ ನಿಂತರೆ ಫ್ರೋಜನ್ ಶೋಲ್ಡರ್ ಇರಬಹುದು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಒತ್ತಾಯದಿಂದ ಎಳೆದರೆ ನೋವು ಕೆರಳುತ್ತದೆ. ಮೊದಲು ವೈದ್ಯರು ನೋಡಲಿ. ತಾನಾಗಿ ಕೈ ಎತ್ತಲು ಆಗದೆ, ನೀವು ಎತ್ತಿದರೆ ಸಲೀಸಾಗಿ ಬಂದರೆ ಸ್ನಾಯುವಿನ ನಾರು ಹರಿದಿರಬಹುದು. ಅದಕ್ಕೂ ಮಸಾಜ್ ಉತ್ತರವಲ್ಲ.

ಕೈಯ ಕ್ರಮಗಳ ಫ್ರೆಂಚ್ ಹೆಸರುಗಳಿಗೆ ಹೆದರಬೇಡಿ. ಎಫ್ಲುರಾಜ್ ಅಂದರೆ ನೀವುವುದು. ಪೆಟ್ರಿಸಾಜ್ ಅಂದರೆ ನಾದುವುದು, ಫ್ರೆಂಚಿನಲ್ಲೂ ಆ ಪದ ಹಿಟ್ಟು ನಾದುವುದರಿಂದಲೇ ಬಂದದ್ದು. ಮೊದಲು ಬೆಚ್ಚಗಿನ ಎಣ್ಣೆಯಲ್ಲಿ ನೀವಿ. ಸ್ನಾಯು ಸಡಿಲಾದ ಮೇಲೆ ನಾದಿ. ಗಂಟಿನ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಒತ್ತಿ ಹಿಡಿದರೆ ಸಾಕು. ರೋಗಿ ಉಸಿರು ಬಿಗಿಹಿಡಿದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ. ನೋವಾದಷ್ಟೂ ಗುಣ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನೋವಾದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಅಲ್ವಾ? ಕತ್ತಿನ ಮುಂಭಾಗಕ್ಕೆ ಮಾತ್ರ ಬೆರಳು ಹೋಗಬಾರದು. ಅಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ.

ಇನ್ನೊಂದು ವಿಷಯವನ್ನು ಎಣ್ಣೆ ಬಟ್ಟಲು ಮುಟ್ಟುವ ಮೊದಲೇ ಕೇಳಿ. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಜೊತೆಗಿದೆಯಾ? ಇದ್ದರೆ ಅದು ಹೃದಯದ ನೋವಾಗಿರಬಹುದು, ತಕ್ಷಣ 108ಕ್ಕೆ ಕರೆ ಮಾಡಿ. ಜ್ವರ, ಊತ, ಬಿದ್ದ ಪೆಟ್ಟು, ಕೈ ಜೋಮು, ರಕ್ತ ತೆಳುವಾಗಿಸುವ ಮಾತ್ರೆ, ಇವನ್ನೂ ವಿಚಾರಿಸಿ.

ಎಲ್ಲ ಮುಗಿದ ಮೇಲೆ ಮತ್ತೆ ಕೈ ಎತ್ತಿಸಿ, ಕತ್ತು ತಿರುಗಿಸಿ ನೋಡಿ, ಮೊದಲಿನದಕ್ಕೆ ಹೋಲಿಸಿ ಬರೆದಿಡಿ. ಮಸಾಜಿನ ಆರಾಮ ಹೆಚ್ಚಾಗಿ ಕೆಲವು ದಿನಗಳದ್ದು. ಕೂರುವ ಭಂಗಿ ಬದಲಾಗದಿದ್ದರೆ ಅದೇ ಬಿಗಿತ ಮರಳುತ್ತದೆ. ಅದಕ್ಕೇ ಮನೆಗೆ ಕಳಿಸುವಾಗ ಎರಡು ವ್ಯಾಯಾಮ ಹೇಳಿಕೊಡಿ: ಭುಜ ಹಿಂದಕ್ಕೆ ಸುತ್ತುವುದು, ಮತ್ತು ಗೋಡೆಗೆ ಟೆನಿಸ್ ಚೆಂಡು ಇಟ್ಟು ರೆಕ್ಕೆ ಮೂಳೆಯ ಹಿಂದಿನ ಸ್ನಾಯುವನ್ನು ಮೆಲ್ಲಗೆ ಒತ್ತುವುದು.