ಅಸ್ವಸ್ಥಚಿತ್ತ: ಯಾವ ಹೊತ್ತಿನ ಚಿತ್ತ?

ಮಂಡ್ಯ, ಮೈಸೂರು ಕಡೆಯ ಕೊಲೆ ಸುದ್ದಿಗಳಲ್ಲಿ ಪದೇ ಪದೇ ಕಾಣುವ ಸಾಲು: 'ಆರೋಪಿ ಮಾನಸಿಕ ಅಸ್ವಸ್ಥ ಎನ್ನಲಾಗಿದೆ.' ಅದರ ಬೆನ್ನಿಗೇ ಬರುವ ಮಾತು: 'ಹಂಗಾದ್ರೆ ಬಚಾವಾದ ಬಿಡಿ.' ಬರೆದವರು ಹೇಳಿದ್ದು ಕಾಯಿಲೆ, ಓದಿದವರಿಗೆ ಕೇಳಿಸಿದ್ದು ವಿನಾಯಿತಿ. ಕೋರ್ಟು ವಿಚಾರಿಸುವುದು ಇವೆರಡೂ ಅಲ್ಲದ ಮೂರನೆಯದನ್ನು, ಅಸ್ವಸ್ಥಚಿತ್ತವನ್ನು: ಕೃತ್ಯದ ಹೊತ್ತಿನಲ್ಲಿ ತಾನು ಮಾಡುವುದರ ಅರಿವೇ ಇಲ್ಲದಷ್ಟು ಚಿತ್ತ ಕೆಟ್ಟಿತ್ತೇ ಎಂಬುದನ್ನು.

'ಸ್ವಸ್ಥ' ಎಂದರೆ ಸ್ವ + ಸ್ಥ, ತನ್ನಲ್ಲಿ ತಾನು ನೆಲೆನಿಂತದ್ದು. 'ಚಿತ್ತ'ದ ಬೇರು 'ಚಿತ್', ಅರಿ, ಗಮನಿಸು ಎಂದು. ಹಳೆಯ ಕಾವ್ಯಗಳಲ್ಲಿ 'ಚಿತ್ತೈಸು' ಎಂದರೆ ಲಾಲಿಸು, ಗಮನವಿಡು. ಮನಸ್ಸು ಬೇರೆ. 'ಹೋಗೋಕೆ ಮನಸ್ಸಿಲ್ಲ' ಅನ್ನುತ್ತೇವೆ, 'ಚಿತ್ತವಿಲ್ಲ' ಅನ್ನುವುದಿಲ್ಲ. 'ದೇವರ ಚಿತ್ತ' ಎನ್ನುವಾಗ ಇಚ್ಛೆಯ ಅರ್ಥವೂ ಇದೆ, ನಿಜ. ಕಾನೂನಿನ ಪದದಲ್ಲಿ ಉಳಿಯಬೇಕಾದದ್ದು ಅರಿವಿನ ಅರ್ಥ. ಸಿಟ್ಟು, ಬೇಸರ, ಹಗೆ ಮನಸ್ಸಿಗೆ ಸೇರಿದವು. ಆದ್ದರಿಂದಲೇ 'ತಡೆದುಕೊಳ್ಳೋಕೆ ಆಗಲಿಲ್ಲ' ಎನ್ನುವುದು ನಮ್ಮ ದೇಶದಲ್ಲಿ ಈ ವಿನಾಯಿತಿಗೆ ಸಾಲದು.

ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಉಯಿಲು ಬರೆಸುವಾಗ 'ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ' ಎಂದು ಬರೆಯುತ್ತಾರಲ್ಲ, ಆ ಮಾತು ರುಜು ಹಾಕುವ ಹೊತ್ತಿಗೆ ಸೇರಿದ್ದು. ಹಿಂದಿನ ವರ್ಷ ಬುದ್ಧಿ ಕೆಟ್ಟಿದ್ದರೂ ಇವತ್ತು ತಿಳಿಯಾಗಿದ್ದರೆ ಉಯಿಲು ಊರ್ಜಿತ. ಅಪರಾಧದಲ್ಲೂ ಇದೇ ಲೆಕ್ಕ.

1860ರ ಭಾರತೀಯ ದಂಡ ಸಂಹಿತೆಯ (ಐಪಿಸಿ) 84ನೇ ಕಲಮು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಕೇಳುವುದಿಷ್ಟು: ಕೃತ್ಯದ ಹೊತ್ತಿನಲ್ಲಿ ಚಿತ್ತ ಕೆಟ್ಟು, ತಾನು ಮಾಡುತ್ತಿರುವುದು ಏನು ಎಂದೇ ತಿಳಿಯದ ಸ್ಥಿತಿಯಿತ್ತೇ? ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯದ ಸ್ಥಿತಿಯಿತ್ತೇ? ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದೆ ಎನ್ನುವ ಸರ್ಟಿಫಿಕೇಟು ಇದಕ್ಕೆ ಉತ್ತರವಲ್ಲ, ಉತ್ತರದ ಒಂದು ಭಾಗ.

ಉಳಿದ ಭಾಗ ನಡವಳಿಕೆಯಲ್ಲಿ ಸಿಗುತ್ತದೆ. ಕೃತ್ಯದ ಮೊದಲು, ಆಗ, ಆಮೇಲೆ ಏನೇನಾಯಿತು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಮಚ್ಚನ್ನು ಕಬ್ಬಿನ ಗದ್ದೆಯಲ್ಲಿ ಹೂತು, ಬಟ್ಟೆ ತೊಳೆದು, ಬೆಂಗಳೂರಿನ ಬಸ್ಸು ಹತ್ತಿದವನಿಗೆ ತಪ್ಪಿನ ಅರಿವಿತ್ತು ಎಂದೇ ಕೋರ್ಟು ಸಾಮಾನ್ಯವಾಗಿ ತಿಳಿಯುತ್ತದೆ, ಅವನು ಮಾತ್ರೆ ನುಂಗುತ್ತಿದ್ದರೂ. ಅಣ್ಣನ ರೂಪದಲ್ಲಿ ಪಿಶಾಚಿ ಬಂದಿದೆ ಎಂದು ನಂಬಿ ಹೊಡೆದು, ಹೆಣದ ಪಕ್ಕದಲ್ಲೇ ಕೂತು ಊರವರನ್ನು ಕರೆದವನ ಕತೆ ಬೇರೆ. ಅವನನ್ನು ಗಲ್ಲಿಗೇರಿಸಿದರೆ ಯಾರಿಗೆ ಶಿಕ್ಷೆ ಕೊಟ್ಟಂತಾಯಿತು? ಶಿಕ್ಷೆ ಮುಟ್ಟುವುದು ತಪ್ಪು ತಿಳಿಯಬಲ್ಲವನನ್ನು. ಈ ವಿನಾಯಿತಿ ಇರಲೇಬೇಕು, ಹೀಗೆಯೇ ಕಿರಿದಾಗಿ ಇರಬೇಕು.

ರುಜುವಾತಿನ ಹೊರೆ ಆರೋಪಿಯ ಮೇಲೆ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಅದೂ ಎಷ್ಟೋ ಕೇಸುಗಳಲ್ಲಿ ಕೈತಪ್ಪುವುದು ಸರಿಯಾದ ದಾಖಲೆ ಇಲ್ಲದ್ದರಿಂದ. ಮೂರು ವರ್ಷ ಹಳೆಯ ಹೊರರೋಗಿ ಚೀಟಿಯೊಂದನ್ನು ಹಾಜರುಪಡಿಸಿ, ಬರೆದ ವೈದ್ಯರನ್ನು ಸಾಕ್ಷಿಗೆ ಕರೆಸದಿದ್ದರೆ ಅದಕ್ಕೆ ತೂಕವಿಲ್ಲ. ಬಂಧನವಾಗಿ ಆರು ತಿಂಗಳ ಮೇಲೆ ಆದ ಪರೀಕ್ಷೆ ಆರು ತಿಂಗಳ ಮೇಲಿನ ಸ್ಥಿತಿಯನ್ನಷ್ಟೇ ಹೇಳೀತು. ಹಿಂದೆ ಕಾಯಿಲೆಯಿತ್ತು ಎಂದು ತಿಳಿದ ಕೂಡಲೇ ತನಿಖಾಧಿಕಾರಿ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಮನೆಯವರೂ ಚೀಟಿ, ಮಾತ್ರೆಯ ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಯಾವುದನ್ನೂ ಎಸೆಯಬಾರದು.

ವಿಚಾರಣೆಯ ಹೊತ್ತಿಗೆ ಚಿತ್ತ ಸರಿಯಿಲ್ಲದಿರುವುದು ಮತ್ತೊಂದು ವಿಷಯ. ಅದರಿಂದ ವಿಚಾರಣೆ ಮುಂದೂಡಬಹುದು, ಅಷ್ಟರಿಂದಲೇ ಅಪರಾಧ ಅಳಿಯುವುದಿಲ್ಲ.

ಇನ್ನು 'ಖುಲಾಸೆ'. ಈ ಕಾರಣಕ್ಕೆ ಖುಲಾಸೆ ಮಾಡಿದರೆ, ಕೃತ್ಯ ಎಸಗಿದ್ದು ಇವನೇ ಹೌದೋ ಅಲ್ಲವೋ ಎಂದು ತೀರ್ಪಿನಲ್ಲಿ ಬರೆಯಲೇಬೇಕು. ಹೌದೆಂದಾದರೆ ಸುರಕ್ಷಿತ ವಶದಲ್ಲಿ ಇಡಿಸಬೇಕು, ಇಲ್ಲವೇ ಬಂಧುವಿಗೋ ಸ್ನೇಹಿತರಿಗೋ ಒಪ್ಪಿಸಬೇಕು. ಕರೆದೊಯ್ಯುವವರು, ಇವನನ್ನು ಸರಿಯಾಗಿ ನೋಡಿಕೊಳ್ಳುತ್ತೇವೆ, ತನಗಾಗಲಿ ಇತರರಿಗಾಗಲಿ ಅಪಾಯ ಮಾಡದಂತೆ ತಡೆಯುತ್ತೇವೆ ಎಂದು ಕೋರ್ಟಿಗೆ ಜಾಮೀನು ಬರೆದುಕೊಡಬೇಕು. ಬಚಾವಾದ ಎನ್ನುವವರ ಕಣ್ಣಿಗೆ ಬೀಳದಿರುವುದು ಆ ಜಾಮೀನಿಗೆ ರುಜು ಹಾಕುವ ತಾಯಿ.