ಎರಡು ಪೇಟಿ ಆಪೂಸ್: ವರ್ಗ ಕಲಿಕೆಯ ಟಿಪ್ಪಣಿ

ಮುಂಬಯಿಯಲ್ಲಿ ಸೈಕಾಲಜಿ ಓದುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವರ್ಗ ಕಲಿಕೆ ಅಂದರೆ ಒಂದು ವಸ್ತು ಯಾವ ಗುಂಪಿಗೆ ಸೇರಿದ್ದು ಎಂದು ಗುರುತಿಸಲು ಕಲಿಯುವುದು. ಪಠ್ಯದಲ್ಲಿರುವ ಹಕ್ಕಿ, ಕುರ್ಚಿಗಳ ಉದಾಹರಣೆ ಓದಿ ಬೇಜಾರಾಗಿರುತ್ತದೆ, ಅಲ್ವಾ? ಮಾವಿನ ಹಣ್ಣು ತೆಗೆದುಕೊಳ್ಳೋಣ.

ಸಿದ್ಧಾಂತ ಬೇಗ ಮುಗಿಸುತ್ತೇನೆ. ಒಂದು ವರ್ಗದ ಸಾಮಾನ್ಯ ಮಾದರಿ ನಮ್ಮ ಮನಸ್ಸಿನಲ್ಲಿರುತ್ತದೆ, ಹೊಸದನ್ನು ಅದರ ಜೊತೆ ಹೋಲಿಸುತ್ತೇವೆ. 1970ರ ದಶಕದಲ್ಲಿ ಮನೋವಿಜ್ಞಾನಿ ಎಲೀನರ್ ರಾಷ್ ಬೆಳೆಸಿದ ವಿಚಾರ ಇದು. ಮಾದರಿ ಬೇಕಿಲ್ಲ, ನೋಡಿದ ಒಂದೊಂದು ಉದಾಹರಣೆಯ ನೆನಪೇ ಸಾಕು ಎಂದರು ಮೆಡಿನ್ ಮತ್ತು ಶಾಫರ್, 1978ರಲ್ಲಿ. ಎರಡರಲ್ಲೂ ಕೆಲಸ ಮಾಡುವುದು ಹೋಲಿಕೆಯೇ.

ಆದರೆ ಯಾವ ಲಕ್ಷಣವನ್ನು ಹೋಲಿಸಬೇಕು? ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಬೇಸಿಗೆಯಲ್ಲಿ ನವಿ ಮುಂಬಯಿಯ ವಾಶಿ ಮಾರ್ಕೆಟ್ಟಿಗೆ ಕೊಂಕಣದ ದೇವಗಡ, ರತ್ನಾಗಿರಿಯ ಆಪೂಸ್ ಮಾವು ಬರುತ್ತದೆ. ನಮ್ಮ ಕರ್ನಾಟಕದ್ದೂ ಬರುತ್ತದೆ. ಕೊಂಕಣದ ಹಣ್ಣನ್ನು ಮಾತ್ರ ನೋಡುತ್ತಾ ಹೋದರೆ ಕಣ್ಣಿಗೆ ಬೀಳುವುದು ಆಕಾರ, ಹಳದಿ ಬಣ್ಣ, ಪರಿಮಳ. ಇವೆಲ್ಲ ಕರ್ನಾಟಕದ ಹಣ್ಣಿನಲ್ಲೂ ಇವೆ! ಎರಡನ್ನೂ ಪಕ್ಕಪಕ್ಕ ಇಟ್ಟು ಕೊಯ್ದಾಗಲೇ ವ್ಯಾಪಾರಿಗಳು ಹೇಳುವ ವ್ಯತ್ಯಾಸದ ಕಡೆ ಗಮನ ಹೋಗುತ್ತದೆ: ಕೊಂಕಣದ್ದರ ಸಿಪ್ಪೆ ತೆಳು, ತಿರುಳು ಕೇಸರಿ, ಕರ್ನಾಟಕದ್ದರ ಸಿಪ್ಪೆ ಸ್ವಲ್ಪ ದಪ್ಪ, ತಿರುಳು ಹಳದಿ. (ರುಚಿಯಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ.)

ಕಾರ್ನೆಲ್ ಮತ್ತು ಬ್ಯೋರ್ಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ತೋರಿಸುತ್ತದೆ. 12 ಕಲಾವಿದರ ಚಿತ್ರಗಳು, ತಲಾ ಆರು. ಕೆಲವು ಕಲಾವಿದರ ಚಿತ್ರಗಳನ್ನು ಒಟ್ಟಿಗೆ (ಒಬ್ಬರದೇ ಆರೂ ಸಾಲಾಗಿ), ಉಳಿದವರದನ್ನು ಒಬ್ಬರದರ ನಡುವೆ ಇನ್ನೊಬ್ಬರದು ಬರುವಂತೆ ಬೆರೆಸಿ ತೋರಿಸಿದರು. ಆಮೇಲೆ, ಹಿಂದೆ ನೋಡಿರದ ಚಿತ್ರ ಕೊಟ್ಟು ಯಾರದು ಎಂದು ಕೇಳಿದರು. ಬೆರೆಸಿ ನೋಡಿದ ಕಲಾವಿದರನ್ನೇ ಜನ ಚೆನ್ನಾಗಿ ಗುರುತಿಸಿದರು. ತಮಾಷೆ ಏನೆಂದರೆ, ಒಟ್ಟಿಗೆ ನೋಡಿದ್ದೇ ಹೆಚ್ಚು ಉಪಯೋಗವಾಯಿತು ಎಂದು ಅವರಲ್ಲಿ ಹೆಚ್ಚಿನವರು ನಂಬಿದ್ದರು. ಒಂದೇ ಥರದ್ದು ಸಾಲಾಗಿ ಬಂದರೆ ಓದು ಸಲೀಸು ಅನಿಸುತ್ತದೆ, ಅಷ್ಟೇ.

ಹಾಗಂತ ಸುಮ್ನೆ ಎಲ್ಲವನ್ನೂ ಬೆರೆಸಬೇಡಿ. ಕಾರ್ವಾಲ್ಯೊ ಮತ್ತು ಗೋಲ್ಡ್‌ಸ್ಟೋನ್ 2014ರಲ್ಲಿ ಕಂಡದ್ದು: ವರ್ಗಗಳು ಒಂದಕ್ಕೊಂದು ಹೋಲುತ್ತಿದ್ದರೆ ಬೆರೆಸುವುದು ಒಳ್ಳೆಯದು. ಒಂದೇ ವರ್ಗದೊಳಗಿನ ವಸ್ತುಗಳಲ್ಲೇ ಹೋಲಿಕೆ ಕಡಿಮೆಯಿದ್ದರೆ ಒಟ್ಟಿಗೆ ನೋಡುವುದು ಉಪಯೋಗ, ಏಕೆಂದರೆ ಅಲ್ಲಿ ಮೊದಲು ಸಿಗಬೇಕಾದ್ದು ಸಮಾನ ಲಕ್ಷಣ.

ನಮ್ಮ ಪಠ್ಯದಲ್ಲಿ ಋಣಾತ್ಮಕ ಪುನರ್ಬಲನ (ಬೇಡವಾದದ್ದನ್ನು ತೆಗೆದು ವರ್ತನೆ ಹೆಚ್ಚಿಸುವುದು) ಮತ್ತು ಶಿಕ್ಷೆ (ವರ್ತನೆ ಕಡಿಮೆ ಮಾಡುವುದು) ಎಲ್ಲರಿಗೂ ಗೊಂದಲ. ಅವುಗಳ ಉದಾಹರಣೆಗಳನ್ನು ಒಂದಾದ ಮೇಲೊಂದು ಬೆರೆಸಿ ಬರೆದುಕೊಳ್ಳಿ. ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ವರ್ತನೆ ಹೆಚ್ಚಾಯಿತೋ, ಕಡಿಮೆಯಾಯಿತೋ?